ನೂರರಲ್ಲಿ ಎರಡು ಪಾಲು

ಟ್ಯೂನಿಸ್
26 ಫೆಬ್ರವರಿ 1996

ಮನೂಬಿಯಾ ಚಿಕ್ಕಮ್ಮನಿಗೆ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಕೂಡಲೇ ಒಲೆಗೆ ಹಾಕಬೇಡಿ. ನಾನು ನಿಮ್ಮ ಹಳೆಯ ಗೆಳತಿ ಅಲ್ಜಿಯಾಳ ಮಗಳು ಬಹೀಜಾ. ಚಿಕ್ಕವಳಿದ್ದಾಗ ನಿಮ್ಮ ಭಟ್ಟಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಕೊಳವೆಯಿಂದ ಬೀಳುವ ಹನಿ ಎಣಿಸುತ್ತಿದ್ದವಳು. ನಾಬುಲಿನಲ್ಲಿ ನಿಮ್ಮ ಮನೆಗೂ ಅಮ್ಮನ ಮನೆಗೂ ನಡುವೆ ಇರುವುದು ಎರಡೇ ಗಲ್ಲಿ, ಆದರೆ ಹದಿನೆಂಟು ವರ್ಷದಿಂದ ಮಾತಿಲ್ಲ.

ಹಬ್ಬಕ್ಕೆ ನಾಬುಲಿಗೆ ಬಂದಿದ್ದೆ. ಅಮ್ಮನ ಉಗ್ರಾಣಕ್ಕೆ ಸುಣ್ಣ ಬಳಿಸಬೇಕೆಂದು ಸಾಮಾನು ಹೊರಗೆ ಹಾಕುವಾಗ ಹಿಂದಿನ ಗೋಡೆಯ ಹತ್ತಿರ ಒಂದು ಫಶ್ಕಾ ಬಾಟಲಿ ಸಿಕ್ಕಿತು. ಬಾಟಲಿಗೆ ಸುತ್ತಿದ ಹುಲ್ಲಿನ ಹೆಣಿಗೆ ಕಪ್ಪಾಗಿದೆ, ಬಿರಡೆಯ ಮೇಲಿನ ಮೇಣ ಮಾತ್ರ ನೀವು ಹಾಕಿದ ಹಾಗೆಯೇ ಇದೆ. ನನ್ನ ಮದುವೆಗೆ ನೀವು ಕಳಿಸಿದ್ದ ಎರಡು ಬಾಟಲಿ ಕಹಿಕಿತ್ತಳೆ ಹೂವಿನ ನೀರಿನಲ್ಲಿ ಇದು ಎರಡನೆಯದು. ಮೊದಲನೆಯದನ್ನು ಮದರಂಗಿಯ ದಿನ ತೆರೆದರು. ಅಮ್ಮ ಅದನ್ನು ಬೆಳ್ಳಿಯ ಪನ್ನೀರುದಾನಿಗೆ ತುಂಬಿ ಬಂದವರ ಮೇಲೆ ಚಿಮುಕಿಸುತ್ತಿದ್ದವಳು ನಡುವೆ ನಿಂತುಬಿಟ್ಟು, ನಲವತ್ತು ಹೆಂಗಸರ ಎದುರು ಕೂಗಿದಳು: "ಮನೂಬಿಯಾ, ಕಹಿಕಿತ್ತಳೆ ಹೂವಿಗೆ ಅಗ್ಗದ ಅತರ್ಶಿಯಾ ಸೊಪ್ಪು ಬೆರೆಸಿ ನನ್ನ ಮಗಳಿಗೇ ಕೊಟ್ಯಾ?" ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬರೆಯದೆ ಮುಂದಿನದ್ದನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ.

"ಯಾಕಮ್ಮಾ ಇನ್ನೂ ಇಟ್ಕೊಂಡಿದೀಯ ಇದನ್ನ?" ಎಂದೆ.

"ಸಾಕ್ಷಿ ಅದು. ನೀನು ದೊಡ್ಡ ವಿಜ್ಞಾನಿ ಅಲ್ವಾ, ತಗೊಂಡ್ಹೋಗಿ ನಿನ್ನ ಯಂತ್ರಕ್ಕೆ ಕುಡಿಸು. ನಾನು ಅಂದಿದ್ದು ಸುಳ್ಳೋ ನಿಜವೋ ಅದೇ ಹೇಳ್ಲಿ" ಎಂದಳು.

ನಾನು ಇಲ್ಲಿ ತಿನ್ನುವ ಕುಡಿಯುವ ಪದಾರ್ಥಗಳ ಕಲಬೆರಕೆ ನೋಡುವ ಪ್ರಯೋಗಾಲಯದಲ್ಲಿದ್ದೇನೆ. ಎಣ್ಣೆ, ಜೇನು, ಹೂನೀರು, ಎಲ್ಲವೂ ನಮ್ಮ ಮೇಜಿಗೆ ಬರುತ್ತವೆ. ಬಾಟಲಿ ಈಗ ನನ್ನ ಬೀರುವಿನಲ್ಲಿದೆ. ದಿನಾ ಅದನ್ನು ನೋಡಿ ನನ್ನ ಕೈ ತುರಿಸುತ್ತದೆ. ಆದರೆ ಮೇಣ ಒಡೆಯುವ ಮುಂಚೆ ಅದನ್ನು ಭಟ್ಟಿ ಇಳಿಸಿದವರನ್ನು ಒಂದು ಮಾತು ಕೇಳಬೇಕು ಅನ್ನಿಸಿತು. ತೆರೆಯಲೇ?

ನಿಮ್ಮ ಮಡಿಲಲ್ಲಿ ಆಡಿದವಳು,
ಬಹೀಜಾ


ನಾಬುಲ್
9 ಮಾರ್ಚ್ 1996

ಬಹೀಜಾ,

ಒಲೆಗೆ ಹಾಕಬೇಕೆಂದೇ ಎದ್ದಿದ್ದೆ. ಒಲೆ ಉರಿಯುತ್ತಿರಲಿಲ್ಲ, ಅದರಿಂದ ಬಚಾವಾದೆ.

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಓದಿಕೊಳ್ಳುವುದು ನಿನ್ನ ಕರ್ಮ. ಐವತ್ತೈದಕ್ಕೆ ರಾತ್ರಿಶಾಲೆಯಲ್ಲಿ ಕಲಿತದ್ದು. ಬಾಗಿಲಿಗೆ ಹೂವು ತರುವವರು ನಿಂತ ಮೇಲೆ ಹೊತ್ತು ಹೋಗಬೇಕಲ್ಲ. ಆ ಮದರಂಗಿಯ ದಿನದ ನಂತರ ಈ ಊರಿನ ಒಂದೇ ಒಂದು ಮದುವೆ ಮನೆ ನನ್ನ ನೀರು ಕೇಳಿಲ್ಲ. ವರ್ಷಕ್ಕೆ ಒಂದು ತೂಕ, ನಾಲ್ಕೇ ಕಿಲೋ ಹೂವು ತರುತ್ತೇನೆ, ನನ್ನ ಕಾಫಿಗೆ, ನನ್ನ ತಲೆನೋವಿಗೆ ಅಷ್ಟು ಸಾಕು.

ನಿನ್ನ ತಾಯಿ ಸಾಕ್ಷಿ ಇಟ್ಟುಕೊಂಡಿದ್ದಾಳಂತೆ. ಹದಿನೆಂಟು ವರ್ಷ ಉಗ್ರಾಣದಲ್ಲಿ! ಅಷ್ಟು ಜೋಪಾನವಾಗಿ ಗಂಡನನ್ನೂ ನೋಡಿಕೊಳ್ಳಲಿಲ್ಲ ಅವಳು, ನಿನ್ನ ಅಪ್ಪ ಬಶೀರನ ಆತ್ಮಕ್ಕೆ ಶಾಂತಿ ಸಿಗಲಿ.

ಒಡೆ. ನನಗೇನು ಭಯ? ಆದರೆ ಯಂತ್ರ ಯಂತ್ರ ಎನ್ನುತ್ತೀಯಲ್ಲ, ಅದಕ್ಕೆ ಮೂಗು ಎಲ್ಲಿದೆ? ನಾವು ಅಂಗೈಗೆ ಒಂದು ಹನಿ ಹಾಕಿ ಉಜ್ಜಿ, ಒಂದು ಸಲ ಫಾತಿಹಾ ಓದುವಷ್ಟು ಹೊತ್ತು ಬಿಟ್ಟು ಮೂಸುತ್ತೇವೆ. ಆಮೇಲೂ ಉಳಿಯುವುದು ಹೂವು. ಉಳಿಯದ್ದು ಬೂಟಾಟಿಕೆ. ನಿನ್ನ ಯಂತ್ರ ಹೇಗೆ ಮೂಸುತ್ತದೆ? ತಿಳಿಯುವ ಆಸೆಯಿಂದಲ್ಲ, ಸುಮ್ಮನೆ ಕೇಳಿದೆ.

ಮನೂಬಿಯಾ


ಟ್ಯೂನಿಸ್
14 ಮಾರ್ಚ್ 1996

ಪ್ರೀತಿಯ ಚಿಕ್ಕಮ್ಮ,

ಸುಮ್ಮನೆ ಕೇಳಿದಿರಿ, ನಾನು ಸುಮ್ಮನಿರಲಾರದೆ ಹೇಳುತ್ತೇನೆ.

ಕೂದಲಿಗಿಂತ ಸ್ವಲ್ಪ ದಪ್ಪದ, ಇಪ್ಪತ್ತೈದು ಮೀಟರ್ ಉದ್ದದ ಒಂದು ಗಾಜಿನ ಕೊಳವೆ. ಅದನ್ನು ಸುರುಳಿ ಸುತ್ತಿ ಬಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಒಂದು ತುದಿಯಲ್ಲಿ ನಿಮ್ಮ ನೀರಿನ ಪರಿಮಳ ಒಳಗೆ ಹೋಗುತ್ತದೆ. ಹಗುರಾದದ್ದು ಮುಂದೆ ಓಡುತ್ತದೆ, ಭಾರವಾದದ್ದು ಹಿಂದೆ ಬೀಳುತ್ತದೆ. ಇನ್ನೊಂದು ತುದಿಯಲ್ಲಿ ಒಂದೊಂದಾಗಿ ಹೊರಬಂದಾಗ ಸೂಜಿ ಕಾಗದದ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ನಮ್ಮ ಕಹಿಕಿತ್ತಳೆ ಹೂವಿನಲ್ಲಿ ಅಂಥ ಗುಡ್ಡಗಳು ಮೂವತ್ತಕ್ಕೂ ಹೆಚ್ಚು. ಎಲ್ಲಕ್ಕಿಂತ ಎತ್ತರದ್ದಕ್ಕೆ ಲಿನಲೂಲ್ ಎಂದು ಹೆಸರು. ಇನ್ನೊಂದು ಪುಟ್ಟದಿದೆ, ಅದನ್ನು ಒಂದನ್ನೇ ಮೂಸಿದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ, ಹಳೆಯ ಕೊಟ್ಟಿಗೆಯ ವಾಸನೆ. ಅದನ್ನು ತೆಗೆದುಬಿಟ್ಟರೆ ಮಾತ್ರ ಹೂವು ಹೂವಾಗಿ ಉಳಿಯುವುದಿಲ್ಲ, ಸಾಬೂನಾಗುತ್ತದೆ. ಯಾಕೆ ಹಾಗೆ ಎಂದು ನಮ್ಮ ಮೇಷ್ಟರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳುತ್ತೇನೆ, ಬೈಯಬೇಡಿ. ಅತ್ಯುತ್ತಮ ಹೂನೀರಿನ ಒಂದು ಲೀಟರಿನಲ್ಲಿ ಹೂವಿನದ್ದು ಅರ್ಧ ಗ್ರಾಮಿಗಿಂತ ಹೆಚ್ಚಿಲ್ಲ. ಉಳಿದದ್ದೆಲ್ಲ ನೀರು.

ಈಗ ನಿಮ್ಮ ಬಾಟಲಿ. ಮೊನ್ನೆ ಮೇಣ ಒಡೆದೆ. ಇಡೀ ಕೋಣೆಯವರು ಕುರ್ಚಿ ಬಿಟ್ಟು ಎದ್ದು ಬಂದರು. ಹದಿನೆಂಟು ವರ್ಷದ ನೀರು ಇಷ್ಟು ಗಟ್ಟಿಯಾಗಿ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಮದ್ಯಸಾರ ಇಲ್ಲ. ಕಾರ್ಖಾನೆಯ ಪರಿಮಳ ಇಲ್ಲ. ತಾಮ್ರದ ಅಂಶ ಲೆಕ್ಕಕ್ಕೇ ಸಿಗಲಿಲ್ಲ, ನಿಮ್ಮ ಪಾತ್ರೆಗೆ ಕಲಾಯಿ ಹಾಕಿದವನ ಕೈಗೆ ಮುತ್ತಿಡಬೇಕು.

ಆದರೆ ಅತರ್ಶಿಯಾ ಇದೆ. ಅದರ ಗುರುತಿನ ಗುಡ್ಡಗಳು ಎರಡು ಕಡೆ ಸ್ಪಷ್ಟವಾಗಿ ಎದ್ದಿವೆ. ಅಮ್ಮ ಸುಳ್ಳು ಹೇಳಿರಲಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಯಿತು.

ಕೋಪ ಮಾಡಿಕೊಂಡು ಇಲ್ಲಿಗೇ ನಿಲ್ಲಿಸಬೇಡಿ, ಮುಂದೆ ಓದಿ. ಇಡೀ ಪರಿಮಳವನ್ನು ನೂರು ಪಾಲು ಮಾಡಿದರೆ ಅತರ್ಶಿಯಾದ್ದು ಎರಡೇ ಪಾಲು. ಬೆರಕೆ ಮಾಡುವವರ ನೀರು ನಾನು ವಾರಕ್ಕೆ ಹತ್ತು ನೋಡುತ್ತೇನೆ. ಅವರು ಮೂವತ್ತು ಪಾಲು ಹಾಕುತ್ತಾರೆ, ಐವತ್ತು ಹಾಕುತ್ತಾರೆ. ಎರಡು ಪಾಲಿಗಾಗಿ ಯಾರು ಕಳ್ಳತನ ಮಾಡುತ್ತಾರೆ? ಅಷ್ಟರಿಂದ ಉಳಿಯುವುದು ಒಂದು ಹಿಡಿ ಹೂವು. ಇದು ಬೆರೆಸಿದ್ದಲ್ಲ ಚಿಕ್ಕಮ್ಮ, ಪಾತ್ರೆಯಲ್ಲೋ ಕೊಳವೆಯಲ್ಲೋ ಮುಂಚೆಯೇ ಕೂತಿದ್ದದ್ದು. ಆ ವರ್ಷ ಮೊದಲ ಹೂವು ಹಾಕುವ ಮುಂಚೆ ನಿಮ್ಮ ಭಟ್ಟಿಯಲ್ಲಿ ಅತರ್ಶಿಯಾ ಇಳಿಸಿದವರು ಯಾರು?

ನಿಮ್ಮ
ಬಹೀಜಾ


ನಾಬುಲ್
27 ಮಾರ್ಚ್ 1996

ಬಹೀಜಾ,

ಒಂದು ಲೀಟರಿಗೆ ಅರ್ಧ ಗ್ರಾಂ! ಹಾಗಾದರೆ ಮೂವತ್ತು ವರ್ಷ ನಾನು ಈ ಊರಿಗೆ ನೀರು ಮಾರಿದೆ ಅನ್ನು. ಎರಡು ದಿನ ನಿನ್ನ ಮೇಲೆ ಉರಿದೆ. ಮೂರನೆಯ ದಿನ ಹೂವಿನ ಸಂತೆಯಲ್ಲಿ ನಿಂತಾಗ ನಗು ಬಂತು. ನಾಲ್ಕು ಕಿಲೋ ಹೂವಿಗೆ ಎರಡು ಫಶ್ಕಾ, ಅದಕ್ಕಿಂತ ಹೆಚ್ಚು ಇಳಿಸಿದರೆ ಬರುವುದು ಹೂನೀರಲ್ಲ, ಪಾತ್ರೆಯ ಬೆವರು ಎಂದು ನನ್ನ ಅತ್ತೆ ಬಡಿದು ಕಲಿಸಿದ್ದಳು. ಅವಳಿಗೆ ಯಾವ ಕೊಳವೆ ಇತ್ತು?

ಕೇಳಿದ ಮೇಲೆ ಪೂರ್ತಿ ಕೇಳುತ್ತೇನೆ. ಹೊಸ ನೀರು ನಲವತ್ತು ದಿನ ಬೇಯಿಸಿದ ಸೊಪ್ಪಿನ ಹಾಗೆ ಹಸಿಹಸಿ ನಾರುತ್ತದಲ್ಲ, ಆಮೇಲೆ ಆ ವಾಸನೆ ಎಲ್ಲಿ ಹೋಗುತ್ತದೆ? ಬಿರಡೆ ಬಿಗಿಯಾಗಿಯೇ ಇರುತ್ತದೆ. ಒಳಗೇ ಸಾಯುತ್ತದೋ, ಬೇರೆ ಏನಾದರೂ ಆಗುತ್ತದೋ? ಇನ್ನೊಂದು. ಮಳೆ ಬಂದ ಮಾರನೆಯ ದಿನದ ಹೂವು ಯಾಕೆ ಸಪ್ಪೆ? ಇದನ್ನು ಯಾರನ್ನು ಕೇಳಿದರೂ "ದೇವರಿಗೇ ಗೊತ್ತು" ಎನ್ನುತ್ತಾರೆ. ದೇವರಿಗೆ ಗೊತ್ತಿರುವುದು ನನಗೂ ಗೊತ್ತು. ನನಗೆ ಗೊತ್ತಾಗಬೇಕು.

ಭಟ್ಟಿಯಲ್ಲಿ ಯಾರು ಇಳಿಸಿದರು, ಯಾವಾಗ ಇಳಿಸಿದರು ಎಂಬುದು ಹಳೆಯ ಕಥೆ. ಬೆಕ್ಕು ಇಳಿಸಿತು ಎಂದುಕೋ. ಬಾಟಲಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದುಬಿಡು.

ನಿನಗೆ ಉತ್ತರ ಬರೆಯುತ್ತಿರುವುದಕ್ಕೆ ಕಾರಣ ಒಂದಿದೆ, ಮುಚ್ಚಿಡುವುದಿಲ್ಲ. ನನ್ನ ಮೊಮ್ಮಗಳು ನಜ್ಲಾಳ ಮದುವೆ ಈ ಬೇಸಿಗೆಗೆ. ಹುಡುಗನ ತಾಯಿ ಬಂದು ಎಲ್ಲ ಮಾತಾಡಿ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಹೂನೀರು ನಾವೇ ತರ್ತೀವಿ ಬಿಡಿ, ನಿಮಗ್ಯಾಕೆ ತೊಂದ್ರೆ?" ಎಷ್ಟು ಮೆತ್ತಗೆ ಹೇಳಿದಳು ಗೊತ್ತಾ? ನಜ್ಲಾ ತಲೆ ತಗ್ಗಿಸಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಸ್ವಂತ ಮೊಮ್ಮಗಳ ಮದುವೆಗೆ ನನ್ನ ಕೈಯ ನೀರು ಬೇಡ.

ಮಳೆಯ ವಿಷಯ ಮರೆಯದೆ ಬರೆ.

ಮನೂಬಿಯಾ


ಟ್ಯೂನಿಸ್
2 ಏಪ್ರಿಲ್ 1996

ಚಿಕ್ಕಮ್ಮ,

ನಜ್ಲಾಳ ವಿಷಯ ಓದಿ ಆ ಹೆಂಗಸಿನ ಮೇಲೆ ನನಗೇ ಸಿಟ್ಟು ಬಂತು. ಈಗಂತೂ ನಾನು ಬಿಡುವುದಿಲ್ಲ. ಬೆಕ್ಕು ಅತರ್ಶಿಯಾ ಇಳಿಸುವುದಿಲ್ಲ.

ಹಸಿ ವಾಸನೆಯ ಬಗ್ಗೆ ಎರಡು ಪುಸ್ತಕ ನೋಡಿದೆ. ಹೂವಿನ ಜೊತೆಗೆ ಸೊಪ್ಪುಸದೆಯೂ ಬೇಯುತ್ತದಲ್ಲ, ಅದರಿಂದ ಹುಟ್ಟುವ ಕೆಲವು ವಾಸನೆಗಳು ಮೆಲ್ಲಗೆ ಒಡೆದು ಬೇರೆಯಾಗುತ್ತವಂತೆ. ಒಬ್ಬರು ಹಾಗೆಂದರೆ ಇನ್ನೊಬ್ಬರು ಬಿರಡೆಯೊಳಗಿನ ಚೂರು ಗಾಳಿಯೇ ಕಾರಣ ಎನ್ನುತ್ತಾರೆ. ನಲವತ್ತೇ ದಿನ ಯಾಕೆ ಎಂದು ಯಾರೂ ಹೇಳಿಲ್ಲ. ಮಳೆಯ ವಿಷಯ ನನಗೆ ಗೊತ್ತಿಲ್ಲ. ತೇವದ ಹೂವು ತೂಗಿದರೆ ಮಳೆನೀರನ್ನೂ ತೂಗಿದಂತೆ, ಅಷ್ಟು ಹೂವು ಕಡಿಮೆ, ಅದು ಒಂದು. ಅಷ್ಟೇ ಅಲ್ಲ ಅನ್ನಿಸುತ್ತದೆ. ಈ ಸಲ ಮಳೆ ಬಂದರೆ ಎರಡೂ ದಿನದ್ದನ್ನು ಕಳಿಸಿ, ಬಿಡಿಸಿ ನೋಡೋಣ.

ಈಗ ನನ್ನ ಬೇಡಿಕೆ. ಒಂದು ಪ್ರಯೋಗ ಮಾಡುತ್ತೀರಾ? ಬೇಕೆಂದೇ ಭಟ್ಟಿಯಲ್ಲಿ ಮೊದಲು ಅತರ್ಶಿಯಾ ಇಳಿಸಿ. ತೊಳೆಯಬೇಡಿ. ಆಮೇಲೆ ಕಹಿಕಿತ್ತಳೆ ಹೂವು ಹಾಕಿ. ಮೊದಲ ಇಳಿಕೆಯದ್ದು ಒಂದು ಸೀಸೆ, ಎರಡನೆಯದ್ದು ಒಂದು, ಮೂರನೆಯದ್ದು ಒಂದು. ಬಾಡಿಗೆ ಕಾರಿನ ಖಮೈಸ್ ಹತ್ತಿರ ಖಾಲಿ ಸೀಸೆ ಕಳಿಸಿದ್ದೇನೆ, ಅವನ ಹತ್ತಿರವೇ ವಾಪಸು ಕೊಡಿ. ಮೊದಲ ಇಳಿಕೆಯಲ್ಲಿ ಎರಡು ಪಾಲು ಸಿಕ್ಕಿ, ಎರಡನೆಯದರಲ್ಲಿ ಸಿಗದಿದ್ದರೆ ನೀವು ಬೆರೆಸಲಿಲ್ಲ ಎಂದು ನಾನು ಸಹಿ ಹಾಕಿ, ಮುದ್ರೆ ಒತ್ತಿ ಕೊಡುತ್ತೇನೆ.

ನಿಮ್ಮ ಮೊಂಡು ಹುಡುಗಿ,
ಬಹೀಜಾ


ನಾಬುಲ್
10 ಏಪ್ರಿಲ್ 1996

ಬಹೀಜಾ,

ಅರವತ್ತಾರು ವರ್ಷಕ್ಕೆ ನನ್ನ ಕೈಯಲ್ಲಿ ಪಾಪ ಮಾಡಿಸಿದೆ. ಭಟ್ಟಿ ತೊಳೆಯದೆ ಹೂವು ಹಾಕುವಾಗ ನನ್ನ ಅತ್ತೆ ಗೋರಿಯಿಂದ ಎದ್ದು ಬಂದು ಸೌಟಿನಲ್ಲಿ ಹೊಡೆಯುತ್ತಾಳೆ ಅನ್ನಿಸಿತು.

ಅತರ್ಶಿಯಾ ಅಂಗಳದಲ್ಲೇ ಇದೆ, ಒಂದು ಬುಟ್ಟಿ ಕೊಯ್ದೆ. ಪಾತ್ರೆಗೂ ಮುಚ್ಚಳಕ್ಕೂ ನಡುವಿನ ಸಂದಿಗೆ ಹಿಟ್ಟು ಮೆತ್ತಿದ ಬಟ್ಟೆಯನ್ನು ಸುತ್ತಿ, ಮೇಲಿನ ಬೋಗುಣಿಗೆ ಏಳು ಸಲ ತಣ್ಣೀರು ಬದಲಾಯಿಸಿ, ಎಲ್ಲ ಕ್ರಮ ತಪ್ಪದೆ ಇಳಿಸಿದೆ. ಆಮೇಲೆ ಕ್ರಮ ತಪ್ಪಿದೆ. ಅತರ್ಶಿಯಾ ಆದ ಮೇಲೆ ಬರೀ ನೀರನ್ನು ಒಂದು ಸಲ ಪೂರ್ತಿ ಓಡಿಸಿ ಕೊಳವೆಯ ಬಾಯಿ ತೊಳೆಯಬೇಕು, ಇದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನಾನು ಓಡಿಸಲಿಲ್ಲ. ಪಕ್ಕದ ಮನೆಯ ಸಅದಿಯಾ ಗೋಡೆಯ ಮೇಲಿಂದ ಬಗ್ಗಿ ನೋಡಿ, "ಮನೂಬಿಯಾ, ಬುದ್ಧಿ ನೆಟ್ಟಗಿದೆಯೇನೇ?" ಎಂದಳು. "ವಿಜ್ಞಾನ ಮಾಡ್ತಿದೀನಿ, ನಿನಗರ್ಥ ಆಗಲ್ಲ, ಹೋಗು" ಎಂದೆ. ಅವಳು ಊರೆಲ್ಲ ಸಾರಿದ್ದಾಳೆ.

ಮೂರು ಸೀಸೆ ಕಳಿಸಿದ್ದೇನೆ. ನೀನು ಹೇಳುವ ಮುಂಚೆ ನನ್ನ ಮೂಗು ಹೇಳಿದ್ದನ್ನು ಬರೆದಿಡುತ್ತೇನೆ, ಯಂತ್ರದ ಜೊತೆ ಪಂದ್ಯ. ಮೊದಲನೆಯದರಲ್ಲಿ ಇದೆ. ಎರಡನೆಯದರಲ್ಲಿ ಇದ್ದೂ ಇಲ್ಲ. ಮೂರನೆಯದು ಶುದ್ಧ.

ಮದುಮಗಳಿಗೆ ಯಾವಾಗಲೂ ವರ್ಷದ ಮೊದಲ ಇಳಿಕೆಯನ್ನೇ ಎತ್ತಿಡುತ್ತೇವೆ ಎಂಬುದು ನಿನಗೆ ನೆನಪಿದೆಯಲ್ಲ. ಮೊದಲ ಹೂವು, ಮೊದಲ ನೀರು, ಮಾರುವುದಲ್ಲ, ಕೊಡುವುದು. ಬೇರೆ ಯಾರಿಗೆ ಕೊಟ್ಟಿದ್ದರೂ ಈ ರಗಳೆ ಇರುತ್ತಿರಲಿಲ್ಲ.

ನಿನಗೆ ಬೇಕಾದ್ದು ಸಿಕ್ಕಿತು. ಇನ್ನು ಯಾರು ಎಂದು ಕೆದಕಬೇಡ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಮನೂಬಿಯಾ


ಟ್ಯೂನಿಸ್
18 ಏಪ್ರಿಲ್ 1996

ಚಿಕ್ಕಮ್ಮ,

ಮೊದಲ ಸೀಸೆಯಲ್ಲಿ ನೂರಕ್ಕೆ ಎರಡೂಕಾಲು ಪಾಲು. ಎರಡನೆಯದರಲ್ಲಿ ಸೂಜಿ ಸುಮ್ಮನೆ ಅಲುಗಾಡಿತು, ಅಷ್ಟೇ. ಮೂರನೆಯದರಲ್ಲಿ ಏನೂ ಇಲ್ಲ. ಪಂದ್ಯ ಸಮ ಆಯಿತು, ನಿಮ್ಮ ಮೂಗಿಗೂ ನಮ್ಮ ಯಂತ್ರಕ್ಕೂ.

ಇಷ್ಟು ಬರೆದು ಕುಣಿಯಬೇಕಿತ್ತು ನಾನು. ಕುಣಿಯಲಿಲ್ಲ. ನಿಮ್ಮ ಕಾಗದದ ಒಂದು ಸಾಲಿನಲ್ಲಿ ಸಿಕ್ಕಿಬಿದ್ದೆ. "ಬರೀ ನೀರನ್ನು ಒಂದು ಸಲ ಪೂರ್ತಿ ಓಡಿಸಿ ಕೊಳವೆಯ ಬಾಯಿ ತೊಳೆಯಬೇಕು, ಹಾಲು ಕುಡಿಯುವ ಕೂಸಿಗೂ ಗೊತ್ತು." ಓದುವಾಗ ನಿಮ್ಮ ದನಿ ಕೇಳಿಸಿತು. ಇದೇ ಮಾತನ್ನು ನೀವು ನನಗೆ ಹೇಳಿದ್ದಿರಿ, ಇದೇ ರೀತಿ ಬೆರಳು ಆಡಿಸುತ್ತಾ.

ಎಪ್ಪತ್ತೆಂಟರ ಮಾರ್ಚ್ ಮೊದಲ ವಾರ. ಕಾಲೇಜಿನಲ್ಲಿ ಯಾವುದಾದರೂ ಎಲೆಯನ್ನು ಭಟ್ಟಿ ಇಳಿಸಿ ವರದಿ ಬರೆಯಿರಿ ಎಂದಿದ್ದರು. ನಾನು ನಿಮ್ಮಲ್ಲಿಗೆ ಓಡಿ ಬಂದೆ. "ಈ ಕಾಲದ ಅತರ್ಶಿಯಾದಲ್ಲಿ ಏನಿದೆ, ಬರೀ ಸೊಪ್ಪು" ಎಂದು ಬೈದು, ಆದರೂ ಪಾತ್ರೆ ಕೊಟ್ಟಿರಿ. ಹಿತ್ತಲ ಕೋಣೆಯಲ್ಲಿ ನನ್ನನ್ನು ಬಿಟ್ಟು ನೆಂಟರ ಮನೆಗೆ ಹೊರಟಿರಿ. ಹೋಗುವಾಗ ಆ ಮಾತು ಹೇಳಿದಿರಿ. ಸಂಜೆ ಬಂದು "ಓಡಿಸಿದ್ಯಾ?" ಎಂದು ಕೇಳಿದಿರಿ. "ಓಡಿಸಿದೆ ಚಿಕ್ಕಮ್ಮ" ಎಂದೆ.

ಓಡಿಸಿರಲಿಲ್ಲ. ತೌಫೀಕ್ ಸಮುದ್ರದ ದಾರಿಯಲ್ಲಿ ಕಾಯುತ್ತಿದ್ದ. ಮದುವೆಯ ಮಾತು ಮುಗಿದಿತ್ತು, ಆದರೆ ಇಬ್ಬರೇ ಸಿಗುವುದನ್ನು ಅಪ್ಪ ಕೇಳಿದ್ದರೆ ಸಂಬಂಧವನ್ನೇ ಮುರಿಯುತ್ತಿದ್ದರು. ಇನ್ನೊಂದು ಇಳಿಕೆಗೆ ಎರಡು ಗಂಟೆ ಬೇಕಿತ್ತು. ನನಗೆ ಆ ಎರಡು ಗಂಟೆ ಬೇರೆಯದಕ್ಕೆ ಬೇಕಿತ್ತು. ವರದಿಗೆ ಇಪ್ಪತ್ತಕ್ಕೆ ಹದಿನಾಲ್ಕು ಬಂತು. ಆಮೇಲೆ ಆ ದಿನವನ್ನು ನಾನು ಮರೆತೇಬಿಟ್ಟೆ ಚಿಕ್ಕಮ್ಮ. ತೌಫೀಕ್ ಜೊತೆ ನಡೆದದ್ದು ನೆನಪಿತ್ತು, ಭಟ್ಟಿ ಮರೆತೆ. ಹದಿನೆಂಟು ವರ್ಷ ಅಮ್ಮ, ನೀವು ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು ಎಂದು ಯೋಚಿಸಿದ್ದೇನೆ, ನನ್ನ ಹೆಸರು ಒಂದು ಸಲವೂ ಹೊಳೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟೂ ಬುದ್ಧಿ ಈ ಕಳ್ಳಿಗೆ ಇರಲಿಲ್ಲ.

ಮದರಂಗಿಯ ದಿನ ಅಮ್ಮ ಕೂಗಿದಾಗ ನೀವು ಅವಳಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಿರಿ. ನನ್ನ ಎರಡೂ ಕೈಗೆ ಮದರಂಗಿ ಮೆತ್ತಿ ಬಟ್ಟೆ ಸುತ್ತಿದ್ದರು. ನೀವು ಅಯ್ಯೋ ಪಾಪ ಎಂದು ನೋಡಿದಿರಿ ಅಂದುಕೊಂಡಿದ್ದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಿರಿ. "ನಿನ್ನ ಮಗಳನ್ನೇ ಕೇಳು" ಎಂದು ಒಂದು ಮಾತು ಆಡಿದ್ದರೆ ಸಾಕಿತ್ತಲ್ಲ? ಯಾಕೆ ಆಡಲಿಲ್ಲ? ನನ್ನ ಮದುವೆ ಉಳಿಯಲೆಂದು ನಿಮ್ಮ ಹೆಸರು ಕೊಟ್ಟಿರಾ?

ನಾಳೆ ಶುಕ್ರವಾರ. ನಾಬುಲಿಗೆ ಬಂದು ಅಮ್ಮನಿಗೆ ಎಲ್ಲ ಹೇಳುತ್ತೇನೆ. ನಿಮ್ಮ ಬಾಗಿಲಿಗೆ ಬರಲು ಮಾತ್ರ ನನಗೆ ಇನ್ನೂ ಮುಖವಿಲ್ಲ.

ನಿಮ್ಮ ತಪ್ಪಿತಸ್ಥೆ,
ಬಹೀಜಾ


ನಾಬುಲ್
27 ಏಪ್ರಿಲ್ 1996

ಮಗಳೇ ಬಹೀಜಾ,

ನಾಳೆ ಹಬ್ಬ. ಅಂಗಳದಲ್ಲಿ ಕಟ್ಟಿದ ಟಗರು ನನ್ನ ಅತರ್ಶಿಯಾ ಗಿಡವನ್ನು ಅರ್ಧ ತಿಂದಿದೆ. ಅದು ಮಾಡಿದ್ದು ಸರಿ ಎನ್ನಿಸಿ ಸುಮ್ಮನಿದ್ದೇನೆ.

ನಿನ್ನ ತಾಯಿ ನಿನ್ನೆ ಹೂವಿನ ಸಂತೆಗೆ ಬಂದಳು. ಈ ವರ್ಷದ ಕೊನೆಯ ಹೂವು, ಜನ ತುಂಬಿತ್ತು. ನಾನು ಗೋಣಿಯ ಮುಂದೆ ಬಗ್ಗಿ ಹೂವು ಆರಿಸುತ್ತಿದ್ದೆ. ಹಿಂದಿನಿಂದ "ಮನೂಬಿಯಾ!" ಎಂದು ಕೂಗು. ಅದೇ ಗಂಟಲು, ಹದಿನೆಂಟು ವರ್ಷಕ್ಕೂ ತುಕ್ಕು ಹಿಡಿದಿಲ್ಲ. ಇನ್ನೊಂದು ಸಲ ಮಾನ ಹೋಯಿತು ಎಂದುಕೊಂಡೆ.

"ಎಲ್ಲರೂ ಕೇಳಿ" ಎಂದಳು. "ನನ್ನ ಮಗಳ ಮದುವೇಲಿ ಇವಳನ್ನ ಕಳ್ಳಿ ಅಂದಿದ್ದೆ. ಇವಳು ಬೆರೆಸಿರ್ಲಿಲ್ಲ. ಭಟ್ಟಿ ತೊಳೀದೆ ಇಟ್ಟಿದ್ದು ನನ್ನ ಮಗಳು. ತೊಳೆದೆ ಅಂತ ಸುಳ್ಳು ಹೇಳಿದ್ದೂ ಅವಳೇ."

ಸಅದಿಯಾ ಸುಮ್ಮನಿರುತ್ತಾಳಾ? "ತೊಳೀದೆ ಎಲ್ಲಿಗೆ ಓಡಿದ್ಲಂತೆ?" ಎಂದಳು.

"ಎಲ್ಲಿಗಾದ್ರೂ ಓಡಿರ್ಲಿ! ಯಾರ ಹಿಂದೆ ಓಡಿದ್ಲೋ ಈಗ ಅವನ ಮೂರು ಮಕ್ಕಳ ತಾಯಿ. ನಿನಗೇನೇ ಹೊಟ್ಟೆಯುರಿ?" ಎಂದಳು ನಿನ್ನ ತಾಯಿ. ಸಂತೆಯೆಲ್ಲ ನಕ್ಕಿತು. ನಾನು ಅಳುತ್ತಿದ್ದೆ, ಹೂವಿನ ಗೋಣಿಯೊಳಗೆ ತಲೆ ಹಾಕಿ. ಅವಳು ನನ್ನ ಹತ್ತಿರ ಬರಲಿಲ್ಲ. ಹೇಳಬೇಕಾದ್ದು ಹೇಳಿ, ತೂಕಕ್ಕೆ ಜಗಳ ಆಡಿ ಹೂವು ತಗೊಂಡು ಹೋದಳು.

ನಜ್ಲಾಳ ಅತ್ತೆಯಾಗುವವಳೂ ಅಲ್ಲಿದ್ದಳು. ಸಂಜೆಗೆ ಮನೆಗೆ ಬಂದು, "ಮದುವೆಗೆ ನಿಮ್ಮ ನೀರೇ ಆಗಬೇಕು, ಬೇರೆಯದು ಬೇಡ" ಎಂದು ನನ್ನ ತಲೆಗೆ ಮುತ್ತಿಟ್ಟಳು. ನಜ್ಲಾ ಕುಣಿದಳು.

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ನೀನು ಕೇಳಿದೆಯಲ್ಲ, ಯಾಕೆ ಬಾಯಿ ಬಿಡಲಿಲ್ಲ ಎಂದು. ನಿನ್ನ ಮದುವೆ ಉಳಿಯಲೆಂದು ಎಂದು ನೀನೇ ಉತ್ತರವನ್ನೂ ಕೊಟ್ಟೆ. ಅದು ನಿಜ. ಸಮುದ್ರದ ದಾರಿಯಲ್ಲಿ ನಿಮ್ಮಿಬ್ಬರನ್ನು ನಾನು ಆವತ್ತೇ ಕಣ್ಣಾರೆ ನೋಡಿದ್ದೆ. ಆದರೆ ನಿಜದಲ್ಲೂ ನೂರು ಪಾಲು ಇರುತ್ತದಲ್ಲ. ಉಳಿದ ಪಾಲು ಹೇಳುತ್ತೇನೆ, ಓದು.

ಹಸಿ ವಾಸನೆ ಕಳೆಯಲಿ ಎಂದು ಇಟ್ಟಿದ್ದ ನಿನ್ನ ಎರಡು ಬಾಟಲಿಗಳನ್ನು ನಲವತ್ತು ದಿನದ ಮೇಲೆ ಮೇಣ ಹಾಕಲು ತೆಗೆದೆ. ಅಂಗೈಗೆ ಹಾಕಿ ಮೂಸಿದೆ. ಅತರ್ಶಿಯಾ ಇತ್ತು. ಬಹೀಜಾ, ನನಗೆ ಗೊತ್ತಾಯಿತು. ಆಗಲೇ, ಯಾವ ಯಂತ್ರವೂ ಇಲ್ಲದೆ. ಹೂವಿನ ಕಾಲ ಮುಗಿದಿತ್ತು, ಒಳ್ಳೆಯ ನೀರೆಲ್ಲ ಮಾರಿಹೋಗಿತ್ತು. ಅಲ್ಜಿಯಾಳ ಹತ್ತಿರ ಹೋಗಿ "ಈ ಸಲದ ಮೊದಲ ನೀರು ಕೆಟ್ಟಿದೆ" ಎನ್ನಲು ನನ್ನ ಜಂಬ ಬಿಡಲಿಲ್ಲ. ಮನೂಬಿಯಾಳ ಕೈಯಲ್ಲಿ ನೀರು ಕೆಡುವುದುಂಟೇ? ಇಷ್ಟೇ ಇಷ್ಟು, ನಿನ್ನ ಯಂತ್ರದ ಲೆಕ್ಕದಲ್ಲಿ ಎರಡೇ ಪಾಲು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಮೇಣ ಹಾಕಿ ಕಳಿಸಿದೆ.

ಮದರಂಗಿಯ ದಿನ ನನ್ನ ಬಾಯಿ ಕಟ್ಟಿದ್ದು ಅದಕ್ಕೂ. ಬೆರೆಸಿಲ್ಲ ಎಂದು ಆಣೆ ಇಡಬಹುದಿತ್ತು. "ಗೊತ್ತಿರಲಿಲ್ಲ" ಎಂದು ಆಣೆ ಇಡಲು ಆಗುತ್ತಿರಲಿಲ್ಲ.

ಈಗ ಊರೆಲ್ಲ ನನ್ನನ್ನು ಹಾಲಿನಲ್ಲಿ ತೊಳೆದಂತೆ ನೋಡುತ್ತಿದೆ. ನಿನ್ನ ತಾಯಿ ಸಂತೆಯಲ್ಲಿ ತನ್ನ ತಲೆ ತಗ್ಗಿಸಿಕೊಂಡು ನನ್ನನ್ನು ಎತ್ತಿದಳು. ಅವಳಿಗೆ ಇದನ್ನು ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಹೇಳಿದರೆ ಮತ್ತೆ ಹದಿನೆಂಟು ವರ್ಷ. ಅಷ್ಟು ವರ್ಷ ನಮ್ಮಿಬ್ಬರಿಗೂ ಉಳಿದಿಲ್ಲ. ನೀನು ಓದಿದವಳು, ನೀನೇ ಹೇಳು.

ನಿನ್ನ ಚಿಕ್ಕಮ್ಮ,
ಮನೂಬಿಯಾ


ಟ್ಯೂನಿಸ್
4 ಮೇ 1996

ಪ್ರೀತಿಯ ಚಿಕ್ಕಮ್ಮ,

ಇದನ್ನು ಅಂಚೆಗೆ ಹಾಕದೆ ಖಮೈಸ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬೇಗ ತಲುಪಬೇಕು.

ಹಬ್ಬದ ಮೂರನೆಯ ದಿನ ಅಮ್ಮ ಮಾಂಸದ ಬುಟ್ಟಿ ಹೊತ್ತು ನಮ್ಮಲ್ಲಿಗೆ ಬಂದಳು. ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು. ಎರಡು ದಿನ ಅದನ್ನು ತೆಗೆದು ತೆಗೆದು ಒಳಗಿಟ್ಟೆ. ಸುಳ್ಳು ಹೇಳಿ ಒಂದು ಸಲ ಎರಡು ಮನೆ ಕೆಡಿಸಿದವಳು ನಾನು, ಮುಚ್ಚಿಟ್ಟು ಇನ್ನೊಂದು ಸಲ ಕೆಡಿಸಲಾರೆ ಅನ್ನಿಸಿತು. ನಿನ್ನೆ ಮಧ್ಯಾಹ್ನ ಅವಳು ಬಟಾಣಿ ಸುಲಿಯುತ್ತಿದ್ದಾಗ ಎದುರು ಕೂತು ಪೂರ್ತಿ ಓದಿದೆ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅವಳ ಮೂಗು ನನಗೆ ಗೊತ್ತಿಲ್ವಾ?" ಎಂದಳು. "ಒಂದೇ ಬೆಂಚಲ್ಲಿ ಕೂತು ಹೂವು ಬಿಡಿಸಿದವರು ನಾವು. ನನಗೆ ಬಂದ ವಾಸನೆ ಅವಳಿಗೆ ಬರದೆ ಇರುತ್ತಾ? ಬೆರೆಸಿದ್ಲು ಅಂತ ನಾನು ಕೂಗಿದ್ದು ಬಾಯಿಗೆ ಬಂದಿದ್ದು. ನನಗೆ ಉರಿದಿದ್ದು ಬೇರೆ. ಗೊತ್ತಿದ್ದೂ ಕಳಿಸಿದ್ಲಲ್ಲ, ನನಗೆ. ನನ್ನ ಹತ್ರ ಬಂದು, ಅಲ್ಜಿಯಾ, ಹೀಗಾಯ್ತು ಅಂದಿದ್ರೆ ಅತರ್ಶಿಯಾ ನೀರನ್ನೇ ಚಿಮುಕಿಸ್ತಿದ್ದೆ ನಾನು, ನಲವತ್ತು ಜನರ ಮೇಲೂ. ಹದಿನೆಂಟು ವರ್ಷ ಆ ಒಂದು ಮಾತಿಗೆ ಕಾದೆ."

"ಗೊತ್ತಿದ್ರೆ ಸಂತೇಲಿ ಯಾಕಮ್ಮಾ ಹಾಗಂದೆ?" ಎಂದೆ.

"ನನ್ನ ಮನೆ ಪಾಲಿನ ತಪ್ಪು ನಾನು ಹೇಳ್ದೆ. ಅವಳದ್ದು ಅವಳಿಗೆ ಬಿಟ್ಟಿದ್ದು. ಅದನ್ನ ಊರಿಗ್ಯಾಕೆ ಹೇಳ್ಬೇಕು?"

ಆಮೇಲೆ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಹೋದಾಗಲೂ ನಾನು ಅವಳನ್ನು ಹಾಗೆ ನೋಡಿರಲಿಲ್ಲ.

ಕಾಗದ ಓದಿ ಹೇಳಿದೆ ಎಂದು ನಿಮಗೆ ತಿಳಿಸಬಾರದೆಂದು ನನ್ನ ಕೈಲಿ ಆಣೆ ಮಾಡಿಸಿಕೊಂಡಿದ್ದಾಳೆ. ಅವಳು ಅದನ್ನು ನಿಮ್ಮ ಬಾಯಿಂದಲೇ ಕೇಳಬೇಕಂತೆ. ಆಣೆ ಮುರಿದಿದ್ದೇನೆ, ಇಲ್ಲದಿದ್ದರೆ ನೀವು ಭಯಪಟ್ಟು ಏನನ್ನೂ ಹೇಳದೆ ಕಾಫಿ ಕುಡಿಸಿ ಕಳಿಸಿಬಿಡುತ್ತೀರಿ, ಅವಳು ಮತ್ತೆ ಕಾಯುತ್ತಾ ಕೂರುತ್ತಾಳೆ. ನೀವಾಗಿಯೇ ಹೇಳಿ ಚಿಕ್ಕಮ್ಮ. ಅವಳು ಮೊದಲ ಸಲ ಕೇಳುವವಳ ಹಾಗೆ ಮುಖ ಮಾಡುತ್ತಾಳೆ, ಸ್ವಲ್ಪ ಕೂಗಿಯೂ ಕೂಗುತ್ತಾಳೆ. ನೀವು ಏನೂ ಗೊತ್ತಿಲ್ಲದವರ ಹಾಗೆ ಇರಿ.

ಸೋಮವಾರ ಬೆಳಗಿನ ಕಾರಿಗೆ ಹೊರಡುತ್ತಾಳೆ. ಇಳಿದು ಮೊದಲು ತನ್ನ ಮನೆಗೆ ಹೋಗುವುದಿಲ್ಲವಂತೆ, ಬುಟ್ಟಿ ಸಮೇತ ನೇರ ನಿಮ್ಮಲ್ಲಿಗೇ ಬರುತ್ತಾಳಂತೆ.

ನಿಮ್ಮ
ಬಹೀಜಾ